ಮೊಡವೆ ಅವಳದು, ಬಾಯಿ ನಮ್ಮದು

ಬರಗೂರಿನಿಂದ ಶಿರಾಕ್ಕೆ ಹೋಗುವ ಬೆಳಗಿನ ಬಸ್ಸು. ಮೂವರು ಕೂರುವ ಸೀಟು. ಕಿಟಕಿ ಪಕ್ಕ ನನ್ನ ತಂಗಿಯ ಮಗಳು ಸಿಂಚನ, ನಡುವೆ ನಾನು, ಈಚೆ ತುದಿಯಲ್ಲಿ ಮಡಿಲ ಮೇಲೆ ಚೀಲ ಇಟ್ಟುಕೊಂಡ ಒಬ್ಬ ಹೆಂಗಸು. ಆಕೆ ಯಾರೋ, ಯಾವ ಊರೋ ನಮಗೆ ಗೊತ್ತಿಲ್ಲ.

ಸಿಂಚನಳಿಗೆ ಹದಿನಾರು ವರ್ಷ. ಶಿರಾದಲ್ಲಿ ಮೊದಲ ಪಿಯುಸಿ. ಕಣ್ಣಷ್ಟೇ ಕಾಣುವ ಹಾಗೆ ಮಾಸ್ಕ್ ಹಾಕಿಕೊಂಡಿದ್ದಳು. ನೀರು ಕುಡಿಯಲೆಂದು ಅದನ್ನು ಒಂದು ಕ್ಷಣ ಕೆಳಗಿಳಿಸಿದಳು. ಅಷ್ಟೇ ಸಾಕಾಯಿತು.

ಆ ಹೆಂಗಸು ನನ್ನ ಮುಂದಿನಿಂದಲೇ ಕೈ ಚಾಚಿ ಸಿಂಚನಳ ಗದ್ದ ಹಿಡಿದರು. ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುತ್ತೇವಲ್ಲ, ಹಾಗೆ ಮುಖವನ್ನು ಅತ್ತ ಇತ್ತ ತಿರುಗಿಸಿ ನೋಡಿದರು.

“ಅಯ್ಯೋ ಶಿವನೇ, ಇದೇನವ್ವ ಮಕ ಇಂಗಾಗೈತೆ? ನಾಳೆ ಮದ್ವೆ ಆಗೋ ಮಗ ನೀನು. ನಿಮ್ಮಮ್ಮ ಒಸಿ ನೋಡಾಕಿಲ್ವಾ?”

ಮುಂದಿನ ಸೀಟಿನವರು ತಿರುಗಿದರು. ಆಚೆ ಸಾಲಿನವರು ಬಗ್ಗಿ ನೋಡಿದರು. ಒಬ್ಬರು “ಪಿತ್ತ ಇರ್ಬೇಕು” ಅಂದರು. ಇನ್ನೊಬ್ಬರು “ಈಗಿನ್ ಐಕ್ಳು ಬರೀ ಬೇಕರಿ ತಿಂಡಿ ತಿಂದ್ರೆ ಇನ್ನೇನಾಯ್ತದೆ” ಅಂದರು. ಒಂದು ನಿಮಿಷದಲ್ಲಿ ಇಡೀ ಬಸ್ಸಿಗೆ ನನ್ನ ತಂಗಿಯ ಮಗಳ ಮುಖ ಚರ್ಚೆಯ ವಿಷಯವಾಗಿತ್ತು.

ಸಿಂಚನ ಎದ್ದು ನಿಂತಳು. ಕಂಡಕ್ಟರಿಗೆ, “ಇಲ್ಲೇ ಇಳಿಸಿ” ಅಂದಳು.

“ಶಿರಾಕ್ಕಲ್ವೇನಮ್ಮ ಟಿಕೆಟ್ ತಗಂಡಿರೋದು?”

“ಇಳಿಸಿ ಅಣ್ಣ.”

ಬಸ್ಸು ಯಾವುದೋ ಹಳ್ಳಿಗೆ ತಿರುಗುವ ಗೇಟಿನ ಬಳಿ ನಿಂತಿತು. ಅವಳು ಇಳಿದಳು. ಹಿಂದೆಯೇ ನಾನೂ ಇಳಿದೆ. ಬಸ್ಸು ಹೋದ ಮೇಲೆ ಅಲ್ಲಿ ಉಳಿದದ್ದು ಖಾಲಿ ರಸ್ತೆ, ಒಂದು ತಂಗುದಾಣ, ಒಳಗೆ ಒಂದು ಸಿಮೆಂಟಿನ ಬೆಂಚು. ಅದರ ಮೇಲೆ ಕೂತು ಸಿಂಚನ ಅಳಲಿಲ್ಲ. ಅತ್ತಿದ್ದರೆ ನನಗೆ ಏನಾದರೂ ಹೇಳಲು ಆಗುತ್ತಿತ್ತು. ಅವಳು ಸುಮ್ಮನೆ ಚಪ್ಪಲಿಯ ತುದಿಯಿಂದ ಮಣ್ಣು ಕೆರೆಯುತ್ತ ಕೂತಳು.

ನಾನು ಅವತ್ತು ಅವಳ ಜೊತೆ ಬಸ್ಸಿನಲ್ಲಿ ಇದ್ದದ್ದಾದರೂ ಯಾಕೆ? ಹಿಂದಿನ ದಿನ ಮಧುಗಿರಿಯಲ್ಲಿರುವ ನನಗೆ ತಂಗಿ ರತ್ನ ಫೋನ್ ಮಾಡಿದ್ದಳು. ಅವಳು ಬರಗೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಹಿಂದೆ ಗಿರಣಿಯ ಸದ್ದು, ಅದರ ಮೇಲೆ ಇವಳ ಕೂಗು.

“ಅಕ್ಕ, ಇವ್ಳು ಅನ್ನೊಂದು ದಿನದಿಂದ ಕಾಲೇಜ್ಗೇ ಓಗಿಲ್ಲ. ಒಂದಿನ ಒಟ್ಟೆನೋವು ಅಂತಾಳೆ, ಒಂದಿನ ತಲೆನೋವು ಅಂತಾಳೆ. ಯಾವನ್ನಾದ್ರೂ ಅಚ್ಕಂಡವ್ಳೋ ಏನೋ, ನಂಗೆ ಭಯ ಆಗ್ತೈತೆ. ನೀನ್ ಬಂದು ಒಂದ್ ಮಾತು ಏಳು. ಮೇಷ್ಟ್ರ ಮಾತು ಕೇಳ್ತಾಳೆ.”

ಮೇಷ್ಟ್ರು ಅಂದರೆ ನಾನೇ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತ ಇಪ್ಪತ್ತೆರಡು ವರ್ಷವಾಯಿತು. ಸಂಜೆ ಹೊತ್ತಿಗೆ ಬರಗೂರು ತಲುಪಿದೆ. ಸಿಂಚನ ದುಪಟ್ಟಾವನ್ನು ಕಿವಿಯವರೆಗೆ ಸುತ್ತಿಕೊಂಡು ನೆಗಡಿ ಅಂದಳು. ಮುಖ ಕೆಂಪಗಿದೆ ಅನ್ನಿಸಿತು, ಜ್ವರವಿರಬೇಕು ಅಂದುಕೊಂಡೆ. ಓದಿನ ಮಹತ್ವದ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದೆ. (ಮೇಷ್ಟ್ರುಗಳಿಗೆ ಇದೊಂದು ಕಾಯಿಲೆ. ಎದುರಿಗಿರುವವರು ಏನು ಹೇಳಲು ಬಂದಿದ್ದಾರೆ ಅಂತ ಕೇಳುವ ಮೊದಲೇ ಉತ್ತರ ಶುರುವಾಗಿರುತ್ತದೆ.) ಅವಳು “ಆಯ್ತು ದೊಡ್ಡಮ್ಮ, ನಾಳೆ ಓಗ್ತೀನಿ” ಅಂದಳು. ಗೆದ್ದೆ ಅಂದುಕೊಂಡು ಮಲಗಿ, ಬೆಳಿಗ್ಗೆ ಊರಿಗೆ ಮರಳಲು ಅವಳ ಜೊತೆಗೇ ಬಸ್ಸು ಹತ್ತಿದೆ.

ಗೆದ್ದವಳು ಈಗ ರಸ್ತೆ ಬದಿಯ ತಂಗುದಾಣದಲ್ಲಿ ಕೂತಿದ್ದೆ.

“ಮಾಸ್ಕ್ ತೆಗಿ ಪುಟ್ಟ, ನೋಡೋಣ” ಅಂದೆ.

ತೆಗೆದಳು. ಆ ಹೊತ್ತಿನವರೆಗೆ ನಾನು ಅವಳ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಹಣೆ, ಎರಡೂ ಕೆನ್ನೆ, ಗದ್ದ, ಎಲ್ಲ ಕಡೆ ಒತ್ತೊತ್ತಾಗಿ ಮೊಡವೆ. ಅದಾದರೂ ಆ ವಯಸ್ಸಿನಲ್ಲಿ ಬರುವಂಥದ್ದೇ. ಆದರೆ ಮೊಡವೆಯ ನಡುವಿನ ಚರ್ಮ ಬೆಂದ ಹಾಗೆ ಕೆಂಪಾಗಿತ್ತು. ತೆಳ್ಳಗಾಗಿ ಒಳಗಿನ ಸಣ್ಣ ರಕ್ತನಾಳಗಳು ಎಳೆಎಳೆಯಾಗಿ ಕಾಣುತ್ತಿದ್ದವು. ಕೆನ್ನೆಯ ಬದಿಯಲ್ಲಿ ಹಿಂದೆಂದೂ ಇಲ್ಲದ ನವಿರು ಕೂದಲು.

“ಏನು ಹಚ್ಚಿದೀಯ?”

ಅವಳು ಬ್ಯಾಗಿನ ಒಳಜೇಬಿನಿಂದ ಒಂದು ಟ್ಯೂಬ್ ತೆಗೆದು ಕೊಟ್ಟಳು. ಹಿಂಡಿ ಹಿಂಡಿ ಚಪ್ಪಟೆಯಾಗಿತ್ತು. ಅದರ ಅಂಚಿನಲ್ಲಿ ಕೆಂಪು ಗೆರೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಇಂಗ್ಲಿಷಿನಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿತ್ತು.

“ಯಾವ ಡಾಕ್ಟರು ಕೊಟ್ಟಿದ್ದು?”

“ಡಾಕ್ಟ್ರಲ್ಲ. ಮೆಡಿಕಲ್ಲಲ್ಲಿ.”

ಆಮೇಲೆ ನಿಧಾನವಾಗಿ, ಬಿಟ್ಟು ಬಿಟ್ಟು, ಎಲ್ಲ ಹೇಳಿದಳು. ಎರಡು ಬಸ್ಸು ಬಂದು ಹೋದವು. ನಾವು ಏಳಲಿಲ್ಲ.

ಒಂಬತ್ತನೇ ತರಗತಿಯಲ್ಲಿ ಹಣೆಯ ಮೇಲೆ ನಾಲ್ಕು ಮೊಡವೆ ಎದ್ದವಂತೆ. ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಉಳಿದವರು ಸುಮ್ಮನೆ ಬಿಡಬೇಕಲ್ಲ? ಪಕ್ಕದ ಮನೆಯವರು ಟೂತ್‌ಪೇಸ್ಟ್ ಹಚ್ಚು ಅಂದರು. ಹಚ್ಚಿದಳು, ಉರಿಯಿತು. ಕೊರಟಗೆರೆಯಲ್ಲಿರುವ ನಮ್ಮ ಚಿಕ್ಕಮ್ಮ ಜಾಯಿಕಾಯಿ ತೇಯ್ದು ಹಚ್ಚಲು ಹೇಳಿದರು. ಯಾರೋ ನಿಂಬೆಹಣ್ಣು ಅಂದರು, ಇನ್ಯಾರೋ ಅಡುಗೆ ಸೋಡಾ. ಬೆಳಿಗ್ಗೆ ಎದ್ದ ತಕ್ಷಣದ ಎಂಜಲು ಹಚ್ಚಬೇಕು ಅಂತ ಒಬ್ಬರು. ಪಾವಗಡದ ನೆಂಟರೊಬ್ಬರು ಫೋನ್ ಮಾಡಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, “ಗಾಡಿದ ಪಾಲು ಹಚ್ಚಮ್ಮಾ, ಕತ್ತೆ ಹಾಲು, ಎರಡೇ ದಿನ, ಅಂತಾ ಪೋತುಂದಿ, ಎಲ್ಲಾ ಹೋಗ್ತದೆ” ಅಂದರಂತೆ.

ಊಟದ ವಿಷಯವಂತೂ ಕೇಳಲೇಬೇಡಿ. ಎಣ್ಣೆ ಬೇಡ, ಒಗ್ಗರಣೆ ಬೇಡ, ಮೊಟ್ಟೆ ಬೇಡ, ಕಡಲೆಕಾಯಿ ಬೇಡ. ಶಿರಾ ಸೀಮೆಯಲ್ಲಿ ಹುಟ್ಟಿದ ಮಗುವಿಗೆ ಕಡಲೆಕಾಯಿ ತಿನ್ನಬೇಡ ಅಂದರೆ ಅದು ಇನ್ನೇನು ತಿನ್ನಬೇಕು? ಮನೆಯವರೆಲ್ಲ ಒಟ್ಟಿಗೆ ಕೂತು ಹುರಿದ ಕಾಯಿ ಸುಲಿದು ತಿನ್ನುವಾಗ ಅವಳು ಎದ್ದು ಹೊರಗೆ ಹೋಗುತ್ತಿದ್ದಳಂತೆ.

ಇವೆಲ್ಲ ಸಹಿಸಿಕೊಂಡಳು. ಪಿಯುಸಿಗೆ ಸೇರಿದ ಮೇಲೆ ಒಂದು ದಿನ ಉಪನ್ಯಾಸಕರೊಬ್ಬರು ಹಾಜರಿ ಕರೆಯುತ್ತ ಇವಳ ಹೆಸರು ಬಂದಾಗ ತಲೆ ಎತ್ತಿ ನೋಡಿದರು.

“ಏನಮ್ಮಾ, ಮುಖದ ತುಂಬ ಮೊಡವೆ? ಯಾರನ್ನ ನೆನೆಸ್ಕೊಳ್ತಾ ಇದೀಯ?”

ಇಡೀ ತರಗತಿ ನಕ್ಕಿತು. ಅವತ್ತಿನಿಂದ ಅವಳು ಬೆಂಚಿನಲ್ಲಿ ಕೂತರೆ ಹಿಂದಿನಿಂದ ಯಾರೋ ಒಬ್ಬರು, “ಯಾರೇ ಅವ್ನು?” ಅನ್ನುತ್ತಾರಂತೆ.

ನನಗೆ ಮೈ ಉರಿದುಹೋಯಿತು. ಹದಿಹರೆಯದಲ್ಲಿ ಹಾರ್ಮೋನು ಹೆಚ್ಚುವುದಕ್ಕೂ ಪ್ರೀತಿ ಪ್ರೇಮಕ್ಕೂ ಏನು ಸಂಬಂಧ? ಕಾಲೇಜಿನ ಉಪನ್ಯಾಸಕರು ಪದವಿ ಮೇಲೆ ಪದವಿ ಪಡೆದು ಕಲಿತದ್ದು ಇಷ್ಟೇನಾ? ಒಬ್ಬ ಹುಡುಗಿಯ ಚರ್ಮದ ಎಣ್ಣೆ ಗ್ರಂಥಿಗಳನ್ನು ನೋಡಿ ಅವಳ ನಡತೆ ಅಳೆಯುವ ಹಕ್ಕು ಇವರಿಗೆ ಕೊಟ್ಟವರು ಯಾರು? ಇದೆಲ್ಲವನ್ನೂ ನಾನು ಆ ತಂಗುದಾಣದಲ್ಲಿ ಗಟ್ಟಿಯಾಗಿಯೇ ಹೇಳಿದೆ. ಆಚೆ ಮೇಯುತ್ತಿದ್ದ ಕುರಿಗಳು ತಲೆ ಎತ್ತಿ ನೋಡಿದವು.

“ಅದ್ಕೇನಾ ನೀನು ಕ್ರೀಮು ತಗೊಂಡಿದ್ದು? ಆ ಮೇಷ್ಟ್ರು ಅಂದಿದ್ದಕ್ಕೆ?”

ಸಿಂಚನ ತಲೆ ಅಲ್ಲಾಡಿಸಿದಳು. ಅಲ್ಲ ಅಂತ.

“ಮತ್ತೆ?”

“ಬುಡು ದೊಡ್ಡಮ್ಮ.”

“ಹೇಳು. ಯಾರು ಏನಂದ್ರು?”

“ನೀನೇ ಅಂದಿದ್ದೆ.”

ಓದುಗರೇ, ಇಲ್ಲಿಯವರೆಗೆ ನಾನು ಎಲ್ಲರ ಮೇಲೂ ಬೆರಳು ತೋರಿಸಿದ್ದೇನೆ. ಈಗ ನನ್ನ ಸರದಿ.

ಕಳೆದ ಗೌರಿ ಹಬ್ಬಕ್ಕೆ ನಾನು ಬರಗೂರಿಗೆ ಹೋಗಿದ್ದೆ. ಮೊಬೈಲಿನಲ್ಲಿ ಎಲ್ಲರ ಫೋಟೋ ತೆಗೆದೆ. ಸಿಂಚನ ಹೊಸ ಲಂಗ ದಾವಣಿ ಹಾಕಿದ್ದಳು. ಅವಳ ಫೋಟೋಗೆ ಮೊಬೈಲಿನಲ್ಲೇ ಇರುವ ಬ್ಯೂಟಿ ಫಿಲ್ಟರ್ ಹಾಕಿದೆ. ಒಂದು ಬೆರಳು ಎಳೆದರೆ ಸಾಕು, ಮೊಡವೆ, ಕಲೆ, ಸುಕ್ಕು ಎಲ್ಲ ಮಾಯ. ಅದನ್ನು ಅವಳಿಗೆ ತೋರಿಸಿ, ಎಲ್ಲರ ಎದುರು, “ನೋಡು, ಮುಖ ಹಿಂಗಿದ್ದಿದ್ರೆ ಎಷ್ಟು ಚೆನ್ನಾಗಿರ್ತಿದ್ದೆ” ಅಂದಿದ್ದೆ. ಹೊಗಳುತ್ತಿದ್ದೇನೆ ಅಂದುಕೊಂಡೇ ಅಂದಿದ್ದೆ. ಆಮೇಲೆ ಅದೇ ಫೋಟೋ ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ಎಲ್ಲರೂ ಹೃದಯದ ಚಿತ್ರ ಒತ್ತಿದರು. ನಾನು ಮರೆತೂ ಬಿಟ್ಟೆ.

“ಆ ಫೋಟೋ ತರ ಆಗ್ಬೇಕು ಅನ್ಸ್ತು” ಅಂದಳು ಸಿಂಚನ. “ಮೆಡಿಕಲ್ಲಲ್ಲಿ ತೋರಿಸ್ದೆ. ಇದ್ ಅಚ್ಚಮ್ಮ, ಅದಿನೈದು ದಿನ್ದಲ್ಲಿ ಇಂಗೇ ಆಗ್ತೀಯ ಅಂದ್ರು. ನಿಜವಾಗ್ಲೂ ಆಯ್ತು ದೊಡ್ಡಮ್ಮ. ಎಲ್ಲಾ ಓಯ್ತು. ಬೆಳ್ಳಗೂ ಆದೆ. ಎಲ್ಲಾರೂ ಏನ್ ಅಚ್ತೀಯ ಅಂತ ಕೇಳೋರು. ಆಮೇಲ್ ಒಂದಿನ ಅಚ್ಚಲಿಲ್ಲ ಅಂದ್ರೆ ಉರಿ. ಅದ್ಕೆ ದಿನಾ ಅಚ್ಚಿದೆ. ಆಮೇಲ್ ಅಚ್ಚಿದ್ರೂ ಉರಿ.”

ಬಿಸಿಲಿಗೆ ಹೋದರಂತೂ ಮುಖಕ್ಕೆ ಮೆಣಸಿನಪುಡಿ ಎರಚಿದ ಹಾಗೆ ಆಗುತ್ತಿತ್ತಂತೆ. ಅವಳು ಒಳ್ಳೆಯ ಖೋ ಖೋ ಆಟಗಾರ್ತಿ. ಕಾಲೇಜಿನ ತಂಡಕ್ಕೆ ಆಯ್ಕೆಯಾಗಿದ್ದಳು. ಮೈದಾನದ ಬಿಸಿಲು, ಮಾಸ್ಕ್ ಹಾಕಿಕೊಂಡು ಓಡಲು ಆಗದು, ಮೇಲೆ ತಂಡದ ಗ್ರೂಪ್ ಫೋಟೋ ಬೇರೆ. ಹೆಸರು ವಾಪಸು ತೆಗೆದುಕೊಂಡಳು. ಅದರ ಮರುದಿನದಿಂದಲೇ ಕಾಲೇಜಿಗೆ ಹೋಗುವುದನ್ನೂ ಬಿಟ್ಟಳು.

ನಾನು ವಿಜ್ಞಾನ ಹೇಳಿಕೊಡುವವಳು. ಚರ್ಮದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯಬಲ್ಲೆ. ಇದು ಹೊರಪದರ, ಇದು ಕೂದಲ ಬುಡ, ಇದು ಎಣ್ಣೆ ಗ್ರಂಥಿ. ಆದರೆ ಹದಿಹರೆಯದ ಪಾಠ ಬಂದಾಗ ನಾನೇನು ಮಾಡುತ್ತಿದ್ದೆ ಗೊತ್ತಾ? “ಇದು ಸುಲಭ ಇದೆ, ಮನೇಲಿ ಓದ್ಕೊಳ್ಳಿ” ಅಂತ ಪುಟ ಮಗುಚುತ್ತಿದ್ದೆ. ಮಕ್ಕಳು ಮುಸಿಮುಸಿ ನಗುತ್ತಾರೆ, ನನಗೂ ಮುಜುಗರ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಮಕ್ಕಳಿಗೆ ಆ ಪುಟ ಮಗುಚಿದೆನೋ, ದೇವರೇ ಬಲ್ಲ.

ಅವತ್ತು ಸಿಂಚನ ಕಾಲೇಜಿಗೆ ಹೋಗಲಿಲ್ಲ. ನಾನೂ ಸ್ಕೂಲಿಗೆ ರಜೆ ಹೇಳಿದೆ. ಮುಂದಿನ ಬಸ್ಸು ಹತ್ತಿ ಶಿರಾಕ್ಕೆ, ಅಲ್ಲಿಂದ ಹೈವೇ ಬಸ್ಸು ಹಿಡಿದು ತುಮಕೂರಿಗೆ ಹೋದೆವು. ಚರ್ಮರೋಗದ ವೈದ್ಯರೊಬ್ಬರ ಹತ್ತಿರ ಚೀಟಿ ಮಾಡಿಸಿ ಕಾದೆವು. ಮೊಡವೆಗೆ ತಜ್ಞರ ಹತ್ತಿರ ಹೋಗುವುದು ಅಂದರೆ ನಮ್ಮ ಕಡೆ ಇನ್ನೂ ದೊಡ್ಡ ಶೋಕಿಯ ಮಾತು. ಎಮ್ಮೆಗೆ ಕೆಚ್ಚಲು ಬಾತರೆ ಅದೇ ದಿನ ಪಶುವೈದ್ಯರಿಗೆ ಫೋನ್ ಹೋಗುತ್ತದೆ. ಮಗಳ ಮುಖ ಬಾತರೆ “ವಯಸ್ಸಿಗೆ ಬಂದವ್ಳೆ, ಅದೇ ಓಯ್ತದೆ” ಅನ್ನುತ್ತೇವೆ. ಹಾಗೆ ಅಂದು ಸುಮ್ಮನಾಗುತ್ತೇವಾ? ಇಲ್ಲ. ದಿನಕ್ಕೆ ಹತ್ತು ಸಲ ಅದೇ ಮುಖ ನೋಡಿ ಲೊಚಗುಟ್ಟುತ್ತೇವೆ.

ವೈದ್ಯೆ ನನ್ನ ವಯಸ್ಸಿನವರೇ. ನಾನು ಶುರು ಹಚ್ಚಿಕೊಳ್ಳುವ ಮೊದಲೇ ನನ್ನನ್ನು ಕೈಸನ್ನೆಯಲ್ಲಿ ತಡೆದರು. ಅವರು ಮುಖ ನೋಡಿದ್ದು ಆಮೇಲೆ. ಮೊದಲು ಸಿಂಚನಳ ಕಣ್ಣು ನೋಡಿ ಕೇಳಿದರು.

“ನಿದ್ದೆ ಬರುತ್ತಾ ಪುಟ್ಟಿ? ಊಟ ಸೇರುತ್ತಾ? ಫ್ರೆಂಡ್ಸ್ ಜೊತೆ ಮಾತಾಡ್ತಿದೀಯಾ?”

ಬಸ್ಸಿನಲ್ಲಿ ಅಳದ ಹುಡುಗಿ ಅಲ್ಲಿ ಅತ್ತಳು. ಎರಡು ವರ್ಷದಿಂದ ಎಲ್ಲರೂ ಅವಳ ಮುಖದ ಯೋಗಕ್ಷೇಮ ಕೇಳಿದ್ದರು. ಅವಳ ಯೋಗಕ್ಷೇಮ ಕೇಳಿದ ಮೊದಲಿಗರು ಇವರು.

ಅತ್ತು ಮುಗಿದ ಮೇಲೆ ಟ್ಯೂಬ್ ನೋಡಿದರು. ಮುಖ ಗಂಟಿಕ್ಕಿದರು. “ಇದರಲ್ಲಿ ಸ್ಟಿರಾಯ್ಡ್ ಇದೆ. ಬೇರೆ ಕಾಯಿಲೆಗೆ, ಬೇರೆ ಜಾಗಕ್ಕೆ, ಕೆಲವೇ ದಿನಕ್ಕೆ ಅಂತ ಮಾಡಿರೋ ಔಷಧಿ. ಮೊಡವೆಗೆ ಹಚ್ಚಿದ್ರೆ ಮೊದಲು ಮುಖ ನುಣ್ಣಗೆ ಕಾಣುತ್ತೆ. ಆಮೇಲೆ ಚರ್ಮ ತೆಳ್ಳಗಾಗುತ್ತೆ, ಕೆಂಪಾಗುತ್ತೆ, ಕೂದಲು ಬರುತ್ತೆ, ಮೊಡವೆ ಇನ್ನೂ ಜಾಸ್ತಿ ಆಗುತ್ತೆ. ವಾರಕ್ಕೆ ಎಷ್ಟು ಮಕ್ಕಳು ಹೀಗೆ ಬರ್ತಾರೆ ಅಂತ ಎಣಿಸೋದು ಬಿಟ್ಟುಬಿಟ್ಟಿದೀನಿ ಮೇಡಂ.”

“ನಾನು ಮುಖ ಸರಿಯಾಗಿ ತೊಳಿಯಲ್ಲ ಅಂತಾರೆ ಎಲ್ಲಾರೂ” ಅಂದಳು ಸಿಂಚನ. “ದಿನಕ್ಕೆ ಎಂಟು ಸಲ ತೊಳೀತೀನಿ ಮೇಡಂ.”

“ಅದೇ ತಪ್ಪು. ಎರಡು ಸಲ ಸಾಕು. ಉಜ್ಜಬಾರದು. ಮೊಡವೆ ಕೊಳಕಿನಿಂದ ಬರೋದಲ್ಲ. ಈ ವಯಸ್ಸಲ್ಲಿ ದೇಹ ಬದಲಾಗ್ತಿರುತ್ತೆ, ಚರ್ಮದ ಒಳಗೆ ಎಣ್ಣೆ ಜಾಸ್ತಿ ತಯಾರಾಗುತ್ತೆ, ರಂಧ್ರ ಕಟ್ಟಿಕೊಳ್ಳುತ್ತೆ, ಅಲ್ಲಿ ಬ್ಯಾಕ್ಟೀರಿಯಾ ಬೆಳೆದು ಊದಿಕೊಳ್ಳುತ್ತೆ. ನೀನು ಏನೂ ತಪ್ಪು ಮಾಡಿಲ್ಲ. ಚಿವುಟಬೇಡ, ಕಲೆ ಉಳಿಯುತ್ತೆ.”

ನಾನು ನನ್ನ ಕೆನ್ನೆ ಮುಟ್ಟಿಕೊಂಡೆ. ಅಲ್ಲಿ ಎರಡು ಸಣ್ಣ ಗುಳಿಗಳಿವೆ. ಹದಿನೇಳನೇ ವಯಸ್ಸಿನಲ್ಲಿ ಚಿವುಟಿದ್ದು. ಹೇಳುವವರು ಯಾರೂ ಇರಲಿಲ್ಲ.

“ಕಡಲೆಕಾಯಿ?” ಅಂತ ಸಿಂಚನ ಕೇಳಿದಳು.

ವೈದ್ಯೆಗೆ ನಗು ಬಂತು. “ತಿನ್ನು. ಕೂಲ್‌ಡ್ರಿಂಕ್ಸು, ಸಿಹಿ ತಿಂಡಿ ಮಿತಿಯಲ್ಲಿರಲಿ. ಕಡಲೆಕಾಯಿ ಬಿಟ್ಟು ಮೊಡವೆ ಹೋಯ್ತು ಅನ್ನೋರನ್ನ ನಾನು ನೋಡಿಲ್ಲ.”

ಮುಟ್ಟಿನ ದಿನಗಳ ಬಗ್ಗೆ ಕೇಳಿದರು. ಏರುಪೇರಾಗುತ್ತಿದ್ದರೆ ಅದನ್ನೂ ಪರೀಕ್ಷೆ ಮಾಡಬೇಕಾಗುತ್ತದೆ ಅಂದರು. ಟ್ಯೂಬನ್ನು ಅಲ್ಲೇ ಬುಟ್ಟಿಗೆ ಹಾಕಿಸಿದರು. ಬೇರೆ ಔಷಧಿ ಬರೆದುಕೊಟ್ಟು, ಮುಚ್ಚುಮರೆ ಇಲ್ಲದೆ ಹೇಳಿದರು. “ಇದನ್ನ ನಿಲ್ಲಿಸಿದ ಮೇಲೆ ಮೊದಲ ಕೆಲವು ವಾರ ಮುಖ ಈಗಿರೋದಕ್ಕಿಂತ ಕೆಟ್ಟದಾಗಿ ಕಾಣಬಹುದು. ಹೆದರಬೇಡ. ಮತ್ತೆ ಅದೇ ಟ್ಯೂಬ್ ಹುಡುಕಬೇಡ. ಸುಧಾರಿಸೋಕೆ ಮೂರು ತಿಂಗಳು ಬೇಕೇಬೇಕು.”

ಮರುದಿನ ನಾನು ಶಿರಾದ ಆ ಮೆಡಿಕಲ್ ಸ್ಟೋರಿಗೆ ಹೋದೆ. ಜಗಳ ಮಾಡಲೆಂದೇ ಹೋದೆ. ಬಸ್ಸಿನಲ್ಲಿ ಡೈಲಾಗು ಕೂಡ ತಯಾರು ಮಾಡಿಕೊಂಡಿದ್ದೆ.

ಅಂಗಡಿಯವರು ತಾಳ್ಮೆಯಿಂದ ಕೇಳಿಸಿಕೊಂಡರು. “ಮೇಡಂ, ನಾನೇನು ಬಲವಂತ ಮಾಡಿದ್ನಾ? ಎಲ್ಲಾರೂ ತಗಂಡೋಯ್ತಾರೆ. ಚೀಟಿ ತಗಂಬನ್ನಿ ಅಂದ್ರೆ ಪಕ್ಕದ ಅಂಗ್ಡಿಗೋಯ್ತಾರೆ.”

“ಹದಿನಾರು ವರ್ಷದ ಹುಡುಗಿ. ಚರ್ಮ ಸುಟ್ಟು ಹೋಗಿದೆ. ನಿಮ್ಮ ಮನೆ ಮಗು ಆಗಿದ್ರೆ ಕೊಡ್ತಿದ್ರಾ?”

“ನನ್ ಮಗ್ಳಿಗೂ ಇದ್ನೇ ಕೊಟ್ಟಿರೋದು ಮೇಡಂ” ಅಂದರು ಅವರು.

ವಾದಕ್ಕೆ ಹೇಳಿದ್ದಲ್ಲ. ಹೆಮ್ಮೆಯಿಂದಲೇ ಹೇಳಿದರು. ನನ್ನ ಡೈಲಾಗು ಅಲ್ಲಿಗೇ ಮುಗಿಯಿತು.

“ಎಷ್ಟು ದಿನದಿಂದ?” ಅಂದೆ.

“ಒಂದ್ ಆರು ತಿಂಗ್ಳಾಗಿರ್ಬೋದು.”

“ಬಿಸಿಲಿಗೆ ಹೋದ್ರೆ ಉರಿ ಅಂತಾಳಾ? ಕೆನ್ನೆ ಮೇಲೆ ಕೂದಲು ಬಂದಿದೆಯಾ?”

ಅವರು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. ತುಮಕೂರಿನ ವೈದ್ಯೆ ಹೇಳಿದ್ದನ್ನೆಲ್ಲ ನಾನು ಹೇಳಿದೆ, ಈ ಸಲ ಮೆತ್ತಗೆ. ಅವರು ಒಂದು ಟ್ಯೂಬಿನ ಡಬ್ಬಿ ಬಿಚ್ಚಿ ಒಳಗಿನ ಚೀಟಿಯನ್ನು ಬಿಡಿಸಿ, ಕನ್ನಡಕ ಏರಿಸಿ ಓದತೊಡಗಿದರು. ವರ್ಷಗಟ್ಟಲೆ ಮಾರಿದ ಔಷಧಿಯ ಚೀಟಿಯನ್ನು ಅವರು ಓದುತ್ತಿದ್ದದ್ದು ಬಹುಶಃ ಅದೇ ಮೊದಲ ಸಲ.

ಅಷ್ಟರಲ್ಲಿ ಯೂನಿಫಾರ್ಮಿನ ಹುಡುಗಿಯೊಬ್ಬಳು ಬಂದಳು. ಅವಳ ಮುಖದ ಮೇಲೂ ಮಾಸ್ಕ್.

“ಅಣ್ಣ, ಓದ್ ತಿಂಗ್ಳು ಕೊಟ್ಟಿದ್ರಲ್ಲ ಕ್ರೀಮು, ಅದು.”

ಅಂಗಡಿಯವರು ನನ್ನನ್ನು ನೋಡಿದರು. ಅವರ ಬೆನ್ನ ಹಿಂದೆ, ಕಣ್ಣಿಗೆ ಹೊಡೆಯುವಂತೆ ಅವೇ ಟ್ಯೂಬುಗಳ ಸಾಲು.

“ಸ್ಟಾಕಿಲ್ಲ ಕಣಮ್ಮ” ಅಂದರು.

“ಅಲ್ಲೇ ಐತಲ್ಲ?”

“ಅದು ಬ್ಯಾರೆ. ಡಾಕ್ಟ್ರ ತಾವ ಓಗಿ ತೋರ್ಸು.”

ನಾನು ಆ ಹುಡುಗಿಯ ಹಿಂದೆ ಹೋಗಿ ತಡೆದೆ. “ಪುಟ್ಟ, ಅದು ಒಳ್ಳೇದಲ್ಲ ಕಣಮ್ಮ, ನಮ್ಮನೆ ಹುಡುಗೀಗೂ...” ಅನ್ನುವಷ್ಟರಲ್ಲಿ ಅವಳು, “ನಿಮ್ಗ್ಯಾಕಾಂಟಿ ನನ್ ಮುಖದ್ ವಿಷ್ಯ?” ಅಂದು, ನಾಲ್ಕು ಅಂಗಡಿ ಆಚೆ ಇರುವ ಇನ್ನೊಂದು ಮೆಡಿಕಲ್ ಸ್ಟೋರಿಗೆ ನುಗ್ಗಿದಳು. ಹೊರಬಂದಾಗ ಕೈಯಲ್ಲಿ ಸಣ್ಣ ಕವರ್ ಇತ್ತು.

ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಸರಿಯಾಗಿಯೇ ಕೇಳಿದ್ದಳು. ಕಂಡ ಕಂಡವರೆಲ್ಲ ಅವಳ ಮುಖದ ಬಗ್ಗೆ ಹೇಳಿಯೇ ಅವಳು ಅಲ್ಲಿಗೆ ಬಂದಿದ್ದು. ನಾನು ಅವಳ ಪಾಲಿಗೆ ಅಂಥ ಇನ್ನೊಬ್ಬ ಆಂಟಿ. ಕೋಪ ಬಂದದ್ದು ಆ ಎರಡನೇ ಅಂಗಡಿಯ ಮೇಲೆ. ಆ ಕೆಂಪು ಗೆರೆಯನ್ನು ಅಲಂಕಾರಕ್ಕೆ ಎಳೆದಿದ್ದಾರಾ? ಸಂಬಂಧಪಟ್ಟ ಇಲಾಖೆಗೆ ಒಂದು ಅರ್ಜಿ ಬರೆದು ಹಾಕಿದ್ದೇನೆ. ನೀವೂ ಬರೆಯಿರಿ. ಒಬ್ಬಳು ಬರೆದರೆ ದೂರು, ಹತ್ತು ಜನ ಬರೆದರೆ ಫೈಲು.

ಇನ್ನು ಉಳಿದದ್ದು ಆ ಉಪನ್ಯಾಸಕರು. ಆ ವಿಷಯ ನಾನು ನೋಡಿಕೊಳ್ಳುತ್ತೇನೆ ಅಂದಿದ್ದೆ. ಆದರೆ ರತ್ನ, “ನೀನ್ ಸುಮ್ಕಿರಕ್ಕ, ನೀನ್ ಅಲ್ಗೋದ್ರೆ ಭಾಷಣ ಮಾಡ್ತೀಯ” ಅಂದು ತಾನೇ ಹೊರಟಳು. ನಾನು ಜೊತೆಗೆ ಹೋದದ್ದಷ್ಟೇ. ನನ್ನ ತಂಗಿ ಏಳನೇ ತರಗತಿಗೆ ಓದು ಬಿಟ್ಟವಳು. ಗಿರಣಿಯಿಂದ ಹಾಗೇ ಬಂದಿದ್ದರಿಂದ ಮುಂಗೂದಲ ಮೇಲೆ ರಾಗಿ ಹಿಟ್ಟು ಕೂತಿತ್ತು.

ಪ್ರಿನ್ಸಿಪಾಲರು ಆ ಉಪನ್ಯಾಸಕರನ್ನು ಕರೆಸಿದರು. ಐವತ್ತರ ಆಸುಪಾಸಿನ ಮನುಷ್ಯ. ತಲೆಯ ಮೇಲೆ ಕೂದಲು ಕಡಿಮೆ. “ಅಯ್ಯೋ, ಕ್ಲಾಸಲ್ಲಿ ಸುಮ್ನೆ ತಮಾಷೆಗೆ ಹೇಳಿದ್ದಮ್ಮ. ಮಕ್ಕಳು ಎಲ್ಲಾನೂ ಸೀರಿಯಸ್ಸಾಗಿ ತಗೋತಾರೆ” ಅಂದರು.

ರತ್ನ ದನಿ ಏರಿಸಲಿಲ್ಲ. “ಸಾರ್, ತಪ್ಪು ತಿಳ್ಕಾಬ್ಯಾಡಿ. ನಿಮ್ ತಲೆಗೂದ್ಲೆಲ್ಲ ಉದುರೈತಲ್ಲ, ಅದು ಯಾರನ್ನ ನೆನೆಸ್ಕಂಡು ಉದುರಿದ್ದು ಸಾರ್?”

ಉಪನ್ಯಾಸಕರ ಮುಖ ಕೆಂಪಾಯಿತು. ಪ್ರಿನ್ಸಿಪಾಲರು ಮೇಜಿನ ಮೇಲಿನ ಪೇಪರ್‌ವೇಟ್ ನೋಡತೊಡಗಿದರು.

“ಬೇಜಾರಾಯ್ತಲ್ವಾ ಸಾರ್?” ಅಂದಳು ರತ್ನ. “ಇಲ್ಲಿ ಇರೋದು ನಾಕೇ ಜನ. ನನ್ ಮಗ್ಳಿಗೆ ನೀವಂದಾಗ ಇಡೀ ಕ್ಲಾಸೇ ಇತ್ತು. ಅಷ್ಟೇ ಏಳಾನ ಅಂತ ಬಂದೆ. ಬತ್ತೀನಿ.”

ಎದ್ದು ಬಂದುಬಿಟ್ಟಳು. ಒಬ್ಬರ ದೇಹದ ಬಗ್ಗೆ ಮಾತಾಡಿದ್ದಕ್ಕೆ ಇನ್ನೊಬ್ಬರ ದೇಹದ ಬಗ್ಗೆ ಮಾತಾಡುವುದು ಸರಿಯಲ್ಲ ಅಂತ ಯಾರಾದರೂ ಪತ್ರ ಬರೆಯಬಹುದು. ಸರಿಯಲ್ಲ, ಒಪ್ಪಿದೆ. (ಆದರೆ ನನಗೆ ಅವತ್ತು ನನ್ನ ತಂಗಿಯ ಮೇಲೆ ಬಂದಷ್ಟು ಹೆಮ್ಮೆ ಹಿಂದೆಂದೂ ಬಂದಿರಲಿಲ್ಲ.) ಆ ಉಪನ್ಯಾಸಕರು ಮರುದಿನ ತರಗತಿಯಲ್ಲಿ, “ನಾನು ಹಾಗೆ ಅನ್ನಬಾರದಿತ್ತು” ಅಂತ ಒಂದೇ ಸಾಲು ಹೇಳಿದರಂತೆ. ಹೇಳಿದರಲ್ಲ, ಅದು ಅವರ ದೊಡ್ಡತನ. ಎಷ್ಟೋ ಜನ ಅಷ್ಟೂ ಹೇಳುವುದಿಲ್ಲ.

ಹೊರಗೆ ಬಂದ ಮೇಲೆ ರತ್ನ ಬೇವಿನ ಮರದ ನೆರಳಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಾನೂ ಯಾವನ್ನೋ ಅಚ್ಕಂಡವ್ಳೆ ಅಂತಾನೇ ಅಂದ್ಕಂಡಿದ್ದೆ ಕಣಕ್ಕ. ಆ ಸಾರ್‌ಗೂ ನಂಗೂ ಏನ್ ವ್ಯತ್ಯಾಸ ಐತೆ?”

ನನ್ನ ಮೊಬೈಲಿನಲ್ಲಿ ಆ ಫಿಲ್ಟರ್ ಹಾಕಿದ ಫೋಟೋ ಇನ್ನೂ ಇತ್ತು. ಅಳಿಸಿದೆ. ಗ್ರೂಪಿನಲ್ಲಿ, “ಸಿಂಚನಳ ಮುಖದ ಬಗ್ಗೆ ಇನ್ನು ಮುಂದೆ ಯಾರೂ ಏನೂ ಹೇಳಕೂಡದು, ಔಷಧಿ ಕೂಡ” ಅಂತ ಹಾಕಿದೆ. ಅದಕ್ಕೆ ಒಬ್ಬರು ಕೈಮುಗಿದ ಚಿತ್ರ ಒತ್ತಿದರು. ಇನ್ನೊಬ್ಬರು ಅಲೋವೆರಾದ ವಿಡಿಯೋ ಕಳಿಸಿದರು.

ಇದೆಲ್ಲ ಆಗಿ ನಾಲ್ಕು ತಿಂಗಳಾಯಿತು. ವೈದ್ಯೆ ಹೇಳಿದಂತೆಯೇ ಮೊದಲ ತಿಂಗಳು ಘೋರವಾಗಿತ್ತು. ಮುಖ ಊದಿ, ಕೆಂಪಾಗಿ, ಸಿಂಚನ ಎರಡು ಸಲ ನನಗೆ ಫೋನ್ ಮಾಡಿ, “ಒಂದೇ ಒಂದಿನ ಆ ಕ್ರೀಮ್ ಅಚ್ಲಾ ದೊಡ್ಡಮ್ಮ?” ಅಂತ ಅತ್ತಳು. ಹಚ್ಚಲಿಲ್ಲ. ಮಾಸ್ಕ್ ಹಾಕಿಕೊಂಡೇ ಕಾಲೇಜಿಗೆ ಹೋದಳು, ಆದರೆ ಹೋದಳು. ಈಗ ಉರಿ ಇಲ್ಲ. ಕೆಂಪು ಇಳಿದಿದೆ. ಮೊಡವೆ ಪೂರ್ತಿ ಹೋಗಿಲ್ಲ, ಗದ್ದದ ಮೇಲೆ ಆಗಾಗ ಏಳುತ್ತವೆ. ಕೆಲವು ಕಲೆ ಉಳಿಯಬಹುದು ಅಂತ ವೈದ್ಯೆ ಹೇಳಿದ್ದಾರೆ. ಖೋ ಖೋ ತಂಡ ಅವಳಿಲ್ಲದೆ ಮಧುಗಿರಿಗೆ ಬಂದು ಆಡಿ, ಸೋತು ಹೋಯಿತು. ಆ ಪಂದ್ಯವನ್ನು ಅವಳಿಗೆ ಯಾವ ಮೆಡಿಕಲ್ ಸ್ಟೋರೂ ವಾಪಸು ಕೊಡುವುದಿಲ್ಲ.

ಹೋದ ವಾರ ನನ್ನ ಶಾಲೆಯಲ್ಲಿ ಹದಿಹರೆಯದ ಪಾಠ ಬಂತು. ಈ ಸಲ ಪುಟ ಮಗುಚಲಿಲ್ಲ. ಎರಡು ಪೀರಿಯಡ್ ಮಾಡಿದೆ. ಹಾರ್ಮೋನು, ಎಣ್ಣೆ ಗ್ರಂಥಿ, ಮೊಡವೆ, ಏನು ಹಚ್ಚಬಾರದು, ಯಾವಾಗ ಡಾಕ್ಟರ ಹತ್ತಿರ ಹೋಗಬೇಕು, ಮೂರು ತಿಂಗಳ ತಾಳ್ಮೆ, ಎಲ್ಲ. ಮೊದಲು ನಕ್ಕರು, ಆಮೇಲೆ ಕಿವಿಗೊಟ್ಟು ಕೇಳಿದರು. ಕೊನೆಗೆ, ಎದ್ದು ನಿಂತು ಕೇಳಲು ಸಂಕೋಚವಾದರೆ ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ ಅಂದೆ. ಗಂಡುಮಕ್ಕಳು, ಹೆಣ್ಣುಮಕ್ಕಳು ಅನ್ನದೆ ಚೀಟಿಗಳು ಬಂದು ಬಿದ್ದವು. ಸ್ಟಾಫ್ ರೂಮಿನಲ್ಲಿ ಕೂತು ಒಂದೊಂದಾಗಿ ಬಿಡಿಸಿ ಓದಿದೆ. ಹೆಚ್ಚಿನವಕ್ಕೆ ಉತ್ತರ ಗೊತ್ತಿತ್ತು. ಒಂದಕ್ಕೆ ಮಾತ್ರ ಗೊತ್ತಿಲ್ಲ. ಅದನ್ನು ಇಲ್ಲಿ ಹಾಗೆಯೇ ಬರೆಯುತ್ತಿದ್ದೇನೆ, ನಿಮಗೆ ಗೊತ್ತಿದ್ದರೆ ಹೇಳಿ.

“ಮೊಡವೆ ವಾಸಿ ಆಗೋಕೆ ಮೂರು ತಿಂಗಳು ಬೇಕು ಅಂದ್ರಿ ಮೇಡಂ, ಮನೆಯವರು ಅದರ ಬಗ್ಗೆ ಮಾತಾಡೋದು ನಿಲ್ಲಿಸೋಕೆ ಎಷ್ಟು ತಿಂಗಳು ಬೇಕು?”